ಬಾಯಿ ತೆರೆದರೆ ದವಡೆ ‘ಟಕ್’ ಎನ್ನುತ್ತದೆ: ಹಾಸನದ ಕಡೆ ಚಿಕಿತ್ಸೆ ಪಡೆದವರು ಅನುಭವ ತಿಳಿಸುವಿರಾ?

ಪ್ರಶ್ನೆ, ಸಕಲೇಶಪುರದಿಂದ

ನನಗೆ 31 ವರ್ಷ. ಮೂರು ತಿಂಗಳಿಂದ ಬಲಗಿವಿಯ ಮುಂದೆ ನೋವು. ಆಕಳಿಸಿದರೆ ದವಡೆ ‘ಟಕ್’ ಎನ್ನುತ್ತದೆ. ಬೆಳಿಗ್ಗೆ ಏಳುವಾಗ ಕೆನ್ನೆ ಬಿಗಿದುಕೊಂಡಿರುತ್ತದೆ, ತಿಂಡಿ ತಿನ್ನುವುದೇ ಕಷ್ಟ. ಕಿವಿಯ ವೈದ್ಯರು ನೋಡಿ, ಕಿವಿಯಲ್ಲಿ ದೋಷವಿಲ್ಲ, ಹಲ್ಲಿನವರಿಗೆ ತೋರಿಸಿ ಎಂದರು. ಹಲ್ಲಿನವರು ಇದು ದವಡೆ ಕೀಲಿನ ತೊಂದರೆ, ಟಿಎಂಜೆ ಎಂದರು. ಮೇಲಿನ ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ, ನಾಲ್ಕು ಹಲ್ಲು ತೇಯ್ದು ಕ್ಯಾಪ್ ಹಾಕಿದರೆ ಗುಣವಾಗುತ್ತದೆ ಎಂಬುದು ಅವರ ಸಲಹೆ. ಮನೆಯವರು ಹಾಕಿಸಿಬಿಡು ಎನ್ನುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಯಾರಾದರೂ ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ, ಹಾಸನದಿಂದ, ಪ್ರಾಥಮಿಕ ಶಾಲೆಯ ಶಿಕ್ಷಕಿ

ಈಗಲೇ ತೇಯಿಸಬೇಡಿ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಉಳಿದದ್ದನ್ನೆಲ್ಲ ಆಮೇಲೆ ಹೇಳುತ್ತೇನೆ, ಇದನ್ನು ಮೊದಲು ಹೇಳಿಬಿಡಬೇಕು ಎನಿಸಿತು.

ನನ್ನದೂ ಹೀಗೆಯೇ ಶುರುವಾಯಿತು, ಎಡಗಡೆಗೆ. ಕೆಳಗಿನ ದವಡೆ ಹಲ್ಲಿನದೇ ನೋವು ಎಂದು ನನಗೂ ಅನಿಸಿತ್ತು, ತೋರಿಸಿದ ವೈದ್ಯರಿಗೂ ಅನಿಸಿತು. ರೂಟ್ ಕೆನಾಲ್ ಮಾಡಿದರು, ನೋವು ಹೋಗಲಿಲ್ಲ. ಹಲ್ಲನ್ನೇ ಕಿತ್ತರು, ಆಗಲೂ ಹೋಗಲಿಲ್ಲ. ಹುಳುಕೇ ಇಲ್ಲದ ಹಲ್ಲು ಅದು. ಇಂದಿಗೂ ನಾಲಿಗೆ ಆ ಖಾಲಿ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ, ಹೋದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆಮೇಲೆ ಸಹೋದ್ಯೋಗಿಯೊಬ್ಬರ ಮಾತು ಕೇಳಿ ವಿದ್ಯಾನಗರದ ದಂತ ವೈದ್ಯಕೀಯ ಕಾಲೇಜಿಗೆ ಹೋದೆ. ಅಲ್ಲಿ ಓರಲ್ ಮೆಡಿಸಿನ್ ವಿಭಾಗವನ್ನು ಕೇಳಿ. ಹಲ್ಲು ಕೀಳುವ, ಕಟ್ಟುವ ವಿಭಾಗಗಳಿಗೆ ಹೋಗುವ ಮೊದಲು ಇದು ಏನು ನೋವು ಎಂದು ಕಂಡುಹಿಡಿಯುವವರು ಅವರು. ವೈದ್ಯೆ ನನ್ನ ಹಿಂದೆ ನಿಂತು ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ನಿಧಾನವಾಗಿ ಬಾಯಿ ತೆರೆಯಿರಿ, ಮುಚ್ಚಿರಿ ಎಂದರು. ಆಮೇಲೆ ಕೆನ್ನೆಯನ್ನು ಅಂಗುಲ ಅಂಗುಲವಾಗಿ ಒತ್ತುತ್ತಾ ಬಂದರು. ಒಂದು ಕಡೆ ಒತ್ತಿದಾಗ ಕಿತ್ತುಹೋದ ಹಲ್ಲಿನ ಜಾಗದಲ್ಲೇ ನೋವು ಎದ್ದಿತು. ಅದೇ ನೋವು, ಅದೇ ಎಳೆತ. ‘ಇಷ್ಟು ದಿನ ನಿಮಗೆ ನೋಯುತ್ತಿದ್ದದ್ದು ಇದೇ ಅಲ್ಲವೇ?’ ಎಂದು ಕೇಳಿದರು. ಅತ್ತುಬಿಟ್ಟೆ. ಜಗಿಯುವ ಸ್ನಾಯು ದಣಿದು ಗಂಟುಕಟ್ಟಿದರೆ ಅದರ ನೋವು ಹಲ್ಲಿನಲ್ಲಿ, ಕಿವಿಯಲ್ಲಿ, ಕಣತಲೆಯಲ್ಲಿ ಕಾಣಿಸಿಕೊಳ್ಳುತ್ತದಂತೆ. ಒಂದು ಹಲ್ಲು ಕಳೆದುಕೊಂಡ ಮೇಲೆ ನನಗೆ ಇದು ತಿಳಿಯಿತು.

ಬಾಯಿ ಎಷ್ಟು ತೆರೆಯುತ್ತದೆ ಎಂದು ಪಟ್ಟಿ ಹಿಡಿದು ಅಳೆದರು: 29 ಮಿಲಿಮೀಟರ್. ದೊಡ್ಡವರಲ್ಲಿ ಸಾಮಾನ್ಯವಾಗಿ 40ರಿಂದ 50ರಷ್ಟಿರುತ್ತದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸಿದರೆ ಗಾಬರಿ ಬೇಡ.

ಸದ್ದಿನ ಬಗ್ಗೆಯೂ ಹೇಳಬೇಕು. ಕೀಲಿನೊಳಗೆ ಮೆತ್ತೆಯಂತಹ ಒಂದು ತಟ್ಟೆ ಇದೆ. ಬಾಯಿ ತೆರೆದಾಗ ಕೆಳದವಡೆಯ ಮೂಳೆ ತಿರುಗುವುದರ ಜೊತೆಗೆ ಮುಂದಕ್ಕೂ ಜಾರುತ್ತದೆ, ತಟ್ಟೆಯೂ ಅದರೊಂದಿಗೇ ಜಾರಬೇಕು. ತಟ್ಟೆ ಮೊದಲೇ ಮುಂದಕ್ಕೆ ಸರಿದಿದ್ದರೆ, ಮೂಳೆ ಅದನ್ನು ಹತ್ತುವಾಗ ‘ಟಕ್’ ಎನ್ನುತ್ತದೆ. ನೋವಿಲ್ಲದ ಬರೀ ಸದ್ದಿಗೆ ಚಿಕಿತ್ಸೆ ಬೇಕಿಲ್ಲ, ಎಷ್ಟೋ ಜನರಿಗೆ ಅದು ಇರುತ್ತದೆ. ಆದರೆ ಸದ್ದು ಒಂದು ದಿನ ತಟ್ಟನೆ ನಿಂತು, ಅಂದಿನಿಂದಲೇ ಬಾಯಿಯೂ ಪೂರ್ತಿ ತೆರೆಯದಿದ್ದರೆ ತಡಮಾಡಬಾರದು. ತಟ್ಟೆ ಅಡ್ಡ ಸಿಕ್ಕಿಕೊಂಡಿರುತ್ತದೆ.

ನನಗೆ ಹೇಳಿದ ಚಿಕಿತ್ಸೆ ಕೇಳಿ ಇಷ್ಟೇನಾ ಎನಿಸಿತ್ತು. ಊಟದ ನಂತರ ನೋವಿನ ಮಾತ್ರೆ, ಹತ್ತು ದಿನ. ದಿನಕ್ಕೆ ಎರಡು ಮೂರು ಸಲ ಕೆನ್ನೆಗೆ ಬಿಸಿ ಶಾಖ. ನಾನು ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿಕೊಳ್ಳುತ್ತಿದ್ದೆ. ಒಳಮಣಿಕಟ್ಟಿಗೆ ಮುಟ್ಟಿಸಿ ಬಿಸಿ ನೋಡಿಯೇ ಕೆನ್ನೆಗೆ ಇಡಿ. ಆರು ವಾರ ಮೆತ್ತನೆಯ ಊಟ. ನಮ್ಮ ಊಟ ಇದಕ್ಕೆ ಹೇಳಿ ಮಾಡಿಸಿದ್ದು: ಮುದ್ದೆಯನ್ನು ಜಗಿಯುವ ಗೊಡವೆಯೇ ಇಲ್ಲ. ಚಕ್ಕುಲಿ, ಕೋಡುಬಳೆ, ಹುರಿಗಾಳು, ಕಬ್ಬು, ಚೂಯಿಂಗ್ ಗಮ್ ಬೇಡ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಒತ್ತಿ ಹಿಡಿಯಿರಿ.

ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ‘ನ’ ಅಕ್ಷರ. ಮಕ್ಕಳಿಗೆ ಎಷ್ಟು ವರ್ಷ ಹೇಳಿಕೊಟ್ಟಿದ್ದೆನೋ! ‘ನ’ ಎನ್ನುವಾಗ ನಾಲಿಗೆಯ ತುದಿ ಎಲ್ಲಿ ತಾಗುತ್ತದೆಯೋ ಅಲ್ಲೇ ಇರಲಿ, ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ. ದವಡೆಯ ವಿಶ್ರಾಂತಿ ಎಂದರೆ ಅದು. ಹಲ್ಲುಗಳು ಕೂಡಬೇಕಾದದ್ದು ಜಗಿಯುವಾಗ, ನುಂಗುವಾಗ ಮಾತ್ರ. ನಾನೋ ನೋಟುಪುಸ್ತಕ ತಿದ್ದುವಾಗ, ಸ್ಕೂಟರ್ ಓಡಿಸುವಾಗ, ಪಾತ್ರೆ ತೊಳೆಯುವಾಗಲೂ ಹಲ್ಲು ಕಚ್ಚಿ ಹಿಡಿದಿರುತ್ತಿದ್ದೆ. ಗೋಡೆ ಗಡಿಯಾರಕ್ಕೆ, ಸ್ಕೂಟರಿನ ಕನ್ನಡಿಗೆ, ಹಾಜರಿ ಪುಸ್ತಕಕ್ಕೆ ಒಂದೊಂದು ಕುಂಕುಮದ ಸ್ಟಿಕ್ಕರ್ ಅಂಟಿಸಿದೆ. ಕಂಡಾಗಲೆಲ್ಲ ‘ನ’. ಎರಡು ವಾರ ಏನೂ ಗೊತ್ತಾಗಲಿಲ್ಲ. ಐದನೆಯ ವಾರಕ್ಕೆ ಬೆಳಗಿನ ಬಿಗಿತ ಅರ್ಧಕ್ಕರ್ಧ ಇಳಿದಿತ್ತು.

ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದುದರಿಂದ ಸ್ಪ್ಲಿಂಟ್ ಕೂಡ ಮಾಡಿಕೊಟ್ಟರು. ಅದನ್ನು ಕೆಳಗೆ ಬರೆಯುತ್ತೇನೆ, ಶಾಲೆಯ ಹೊತ್ತಾಯಿತು.

ಉತ್ತರ, ಬೇಲೂರಿನಿಂದ

ಮೇಲೆ ಹೇಳಿದ ‘ಸಿಕ್ಕಿಕೊಳ್ಳುವುದು’ ನನಗೆ ಆಗಿತ್ತು. ಒಂದು ಬೆಳಿಗ್ಗೆ ಎರಡು ಬೆರಳಷ್ಟೂ ತೆರೆಯಲಿಲ್ಲ. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ, ತಟ್ಟೆ ಕಾಣುವುದು ಎಂಆರ್‌ಐನಲ್ಲಿ. ಎರಡು ತಿಂಗಳ ವ್ಯಾಯಾಮ, ಸ್ಪ್ಲಿಂಟ್ ಯಾವುದಕ್ಕೂ ಬಗ್ಗದಿದ್ದಾಗ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರು ಕೀಲಿಗೆ ಎರಡು ಸೂಜಿ ಇಳಿಸಿ ಸಲೈನ್‌ನಿಂದ ತೊಳೆದರು. ಕೊಯ್ಯಲಿಲ್ಲ, ಅಂದೇ ಮನೆಗೆ ಬಂದೆ. ವ್ಯಾಯಾಮ ಬಿಡದೆ ಮಾಡಿದ್ದರಿಂದ ಈಗ 38 ಮಿಲಿಮೀಟರ್ ತೆರೆಯುತ್ತದೆ. ಮೊದಲ ದಿನವೇ ಇದನ್ನು ಮಾಡಿಸಲು ಹೋಗಬೇಡಿ, ಬಹುತೇಕರಿಗೆ ಇದರ ಅಗತ್ಯವೇ ಬರುವುದಿಲ್ಲ.

ಉತ್ತರ, ತರೀಕೆರೆಯಿಂದ, ಅಡಿಕೆ ಬೆಳೆಗಾರ

ಬಾಯಿ ತೆರೆಯುವುದು ಕಡಿಮೆಯಾದ ಮಾತ್ರಕ್ಕೆ ಕೀಲಿನದೇ ತೊಂದರೆ ಎಂದು ಯಾರೂ ತಿಳಿಯಬೇಡಿ. ನಾನು ಹಾಗೆ ತಿಳಿದು ಒಂದು ವರ್ಷ ಕಳೆದುಕೊಂಡೆ. ನನಗೆ ಸದ್ದಿರಲಿಲ್ಲ, ಕಿವಿಯ ಮುಂದೆ ನೋವೂ ಇರಲಿಲ್ಲ. ಖಾರದ ಸಾರು ತಾಗಿದರೆ ಬಾಯೆಲ್ಲ ಉರಿ, ಒಳಕೆನ್ನೆ ಬೆಳ್ಳಗಾಗಿ ತೊಗಲಿನಂತೆ ಗಟ್ಟಿಯಾಗಿತ್ತು. ಅದು ಅಡಿಕೆ ಜಗಿದು ಒಳಕೆನ್ನೆ ನಾರುಗಟ್ಟುವ ಬೇರೆಯೇ ಕಾಯಿಲೆ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಮುಂದೆ ಕ್ಯಾನ್ಸರಿಗೆ ತಿರುಗುವ ಅಪಾಯವಿದೆ. ಅಡಿಕೆ ಬೆಳೆದೇ ಬದುಕುತ್ತಿರುವ ನಾನು ಇದನ್ನು ಬರೆಯುತ್ತಿದ್ದೇನೆ: ಎಲೆ ಅಡಿಕೆ, ಗುಟ್ಕಾ ಅಭ್ಯಾಸ ಇರುವವರು ಬಾಯಿ ಬಿಗಿದರೆ ಮೊದಲು ಒಳಕೆನ್ನೆ ತೋರಿಸಿ. ನಾನು ಬಿಟ್ಟು ನಾಲ್ಕು ವರ್ಷವಾಯಿತು, ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತೇನೆ.

ಉತ್ತರ, ಚನ್ನರಾಯಪಟ್ಟಣದಿಂದ

ಒಂದು ಎಚ್ಚರಿಕೆ. ಶ್ರವಣಬೆಳಗೊಳದ ಬೆಟ್ಟ ಹತ್ತುವಾಗ ನಮ್ಮ ತಂದೆಯವರಿಗೆ ಕೆಳದವಡೆ ನೋಯುತ್ತಿತ್ತು, ಮೆಟ್ಟಿಲ ಮೇಲೆ ಕುಳಿತರೆ ಇಳಿಯುತ್ತಿತ್ತು. ಹಲ್ಲು ನೋವು ಎಂದುಕೊಂಡಿದ್ದೆವು. ಅದು ಹೃದಯದ ನೋವಾಗಿತ್ತು. ಜಗಿದಾಗ ನೋಯದೆ, ನಡೆದಾಗ, ಭಾರ ಎತ್ತಿದಾಗ ದವಡೆ ನೋಯುವವರು ಮೊದಲು ಇಸಿಜಿ ಮಾಡಿಸಿ. ಎದೆ ಬಿಗಿತ, ಬೆವರು ಜೊತೆಗಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆ. ಬೆರಳಿಟ್ಟು ನೋಡಿದೆ, ಎರಡೂವರೆ ಹಿಡಿಸುತ್ತದೆ. ಅಡಿಕೆ ಅಭ್ಯಾಸವಿಲ್ಲ. ಕಂಪ್ಯೂಟರ್ ಮುಂದೆ ಕುಳಿತಾಗ ಹಲ್ಲು ಕಚ್ಚಿರುತ್ತೇನೆ ಎಂಬುದು ಇವತ್ತೇ ಗಮನಕ್ಕೆ ಬಂತು. ಕ್ಯಾಪ್ ಬೇಡ ಎಂದು ಮನೆಯಲ್ಲಿ ಹೇಳಿದ್ದೇನೆ. ಅಕ್ಕ, ಆ ಸ್ಪ್ಲಿಂಟ್ ಎಂದರೆ ಏನು? ಜೀವನಪೂರ್ತಿ ಹಾಕಬೇಕೇ?

ಉತ್ತರ, ಹಾಸನದ ಶಿಕ್ಷಕಿ

ಇಲ್ಲ. ಹಲ್ಲಿನ ಅಚ್ಚು ತೆಗೆದುಕೊಂಡು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡಿಕೊಡುವ ಪಾರದರ್ಶಕ ತಟ್ಟೆ, ರಾತ್ರಿ ಮಾತ್ರ ಹಾಕುವುದು. ತೆಗೆದಿಟ್ಟರೆ ನಿಮ್ಮ ಹಲ್ಲು ಇದ್ದಂತೆಯೇ ಇರುತ್ತದೆ, ಕ್ಯಾಪಿಗೂ ಇದಕ್ಕೂ ಅದೇ ವ್ಯತ್ಯಾಸ. ಅದು ಎಲ್ಲ ಹಲ್ಲುಗಳನ್ನೂ ಮುಚ್ಚಬೇಕು. ಕೆಲವೇ ಹಲ್ಲು ಮುಚ್ಚುವಂಥದ್ದನ್ನು ತಿಂಗಳುಗಟ್ಟಲೆ ಹಾಕಿದರೆ ಉಳಿದ ಹಲ್ಲುಗಳು ಜಾಗ ಬದಲಿಸಬಹುದು. ಬಣ್ಣದ ಕಾಗದ ಕಚ್ಚಿಸಿ, ಗುರುತು ಹೆಚ್ಚು ಬಿದ್ದ ಕಡೆ ತಟ್ಟೆಯನ್ನು ತೇಯುತ್ತಾರೆ, ಹಲ್ಲನ್ನಲ್ಲ. ಅದಕ್ಕೆ ನಾನು ಮೂರು ಸಲ ಹೋಗಬೇಕಾಯಿತು. ಅದು ಹಲ್ಲು ಕಡಿಯುವ ಅಭ್ಯಾಸವನ್ನೇ ಬಿಡಿಸುವುದಿಲ್ಲ, ಹಲ್ಲು ಸವೆಯದಂತೆ ನೋಡಿಕೊಂಡು ಕೀಲಿನ ಭಾರ ಇಳಿಸುತ್ತದೆ. ಎಂಟು ತಿಂಗಳು ಹಾಕಿದೆ. ಈಗ ಪರೀಕ್ಷೆಯ ದಿನಗಳಲ್ಲಿ, ನಿದ್ದೆ ಕೆಟ್ಟ ವಾರಗಳಲ್ಲಿ ಮಾತ್ರ ಡಬ್ಬಿಯಿಂದ ತೆಗೆಯುತ್ತೇನೆ.

ಹೋಗುವಾಗ ಹಳೆಯ ಎಕ್ಸ್‌ರೇ, ಕಿವಿಯ ವೈದ್ಯರ ಚೀಟಿ ಎರಡನ್ನೂ ತೆಗೆದುಕೊಂಡು ಹೋಗಿ. ಯಾವ ಹೊತ್ತಿಗೆ ನೋವು ಹೆಚ್ಚು, ಯಾವ ಹೊತ್ತಿಗೆ ಕಡಿಮೆ ಎಂದು ಒಂದು ವಾರ ಬರೆದಿಟ್ಟುಕೊಳ್ಳಿ, ಅವರು ಮೊದಲು ಕೇಳುವುದೇ ಅದು. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು, ಸಂಜೆಯ ಬಸ್ಸಿಗೆ ಸಕಲೇಶಪುರ ಸೇರಿಕೊಳ್ಳಬಹುದು.