ಪದಚರ್ಚೆ: ಮಧ್ಯಪ್ರಾಚ್ಯವೋ, ಪಶ್ಚಿಮ ಏಷ್ಯಾವೋ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಭೂಗೋಳದ ಒಂದು ಪದಪಟ್ಟಿ ಮಾಡುತ್ತಿದ್ದೇನೆ. ಏಷ್ಯಾ ಖಂಡದ ಭಾಗಗಳ ಹೆಸರು ಬರೆಯುವಾಗ ಒಂದು ಕಡೆ ಕೈ ನಿಂತಿದೆ. ಸೌದಿ, ಇರಾಕ್, ಸಿರಿಯಾ, ಇಸ್ರೇಲ್, ಇರಾನ್ ಇರುವ ಭಾಗವನ್ನು ಏನಂತ ಕರೆಯುವುದು? ನಮ್ಮ ಪತ್ರಿಕೆಗಳಲ್ಲಿ ‘ಮಧ್ಯಪ್ರಾಚ್ಯ’ವೂ ಇದೆ, ‘ಪಶ್ಚಿಮ ಏಷ್ಯಾ’ವೂ ಇದೆ. ಎರಡೂ ಒಂದೇ ಜಾಗವಾ ಎಂದು ಮಕ್ಕಳು ಕೇಳಿದರೆ ಹೌದು ಅನ್ನುವುದೂ ಕಷ್ಟ, ಅಲ್ಲ ಅನ್ನುವುದೂ ಕಷ್ಟ.

ನನ್ನ ಒಲವು ಪಶ್ಚಿಮ ಏಷ್ಯಾದ ಕಡೆಗೆ. ‘ಪ್ರಾಚ್ಯ’ ಅಂದರೆ ಮೂಡಣದ್ದು. ಯಾರಿಗೆ ಮೂಡಣ? ಮಂಗಳೂರಿನ ಬಂದರಿನಲ್ಲಿ ನಿಂತವರಿಗೆ ಅರಬ್ ದೇಶಗಳಿರುವುದು ಪಡುವಣಕ್ಕೆ. ಈ ಹೆಸರು ಯುರೋಪಿನಿಂದ ನೋಡಿದವರು ಇಟ್ಟದ್ದು. 1902ರಲ್ಲಿ ಅಮೆರಿಕದ ನೌಕಾಪಡೆಯ ಆಲ್ಫ್ರೆಡ್ ಮಹಾನ್ ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ ಲೇಖನದಿಂದ ‘ಮಿಡಲ್ ಈಸ್ಟ್’ ಅನ್ನುವುದು ಬಳಕೆಗೆ ಬಂತು. ಅವರ ಲೆಕ್ಕದಲ್ಲಿ ಅದು ಪರ್ಷಿಯನ್ ಕೊಲ್ಲಿಯ ಸುತ್ತಲಿನ ಪ್ರದೇಶ. ಭಾರತಕ್ಕೆ ಬರುವ ಸಮುದ್ರದಾರಿಯನ್ನು ಬ್ರಿಟಿಷರು ಕಾಯಬೇಕು ಅನ್ನುವುದು ಅಲ್ಲಿನ ಚಿಂತೆ. ಆಗ ಟರ್ಕಿಯದು ‘ಹತ್ತಿರದ ಪೂರ್ವ’, ಚೀನಾ ‘ದೂರದ ಪೂರ್ವ’. ಮುಂದೆ 1939ರಲ್ಲಿ ಬ್ರಿಟಿಷರು ತಮ್ಮ ಮಿಡಲ್ ಈಸ್ಟ್ ಕಮಾಂಡನ್ನು ಕೈರೋದಲ್ಲಿ ಶುರು ಮಾಡಿದರು. ಸೇನೆಯ ಕಡತಗಳ ಜೊತೆ ಹೆಸರೂ ಆಫ್ರಿಕಾಕ್ಕೆ ದಾಟಿತು. ಹೀಗೆ ಅವರ ಅನುಕೂಲಕ್ಕೆ ತಕ್ಕಂತೆ ಹಿಗ್ಗಿದ ಹೆಸರನ್ನು ನಾವು ಕನ್ನಡದಲ್ಲಿ ಯಾಕೆ ಹೊತ್ತುಕೊಂಡು ತಿರುಗಬೇಕು?

ಕನ್ನಡಕ್ಕೇ ಸೇರಿದ ಇನ್ನೊಂದು ತೊಡಕಿದೆ. ಪ್ರಾಚ್ಯ ಅಂದ ತಕ್ಷಣ ಮಕ್ಕಳಿಗೆ ನೆನಪಾಗುವುದು ಪ್ರಾಚ್ಯವಸ್ತು. ಹಳೇ ಶಾಸನ, ವೀರಗಲ್ಲು, ಒಡೆದ ಮಡಕೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹೆಸರಿನಲ್ಲಿ ಈ ಪದ ಮೂಡಣದ್ದು ಅನ್ನುವ ಅರ್ಥದಲ್ಲೇ ಇದೆ. ಆದರೆ ಕೌಟಿಲ್ಯನ ‘ಅರ್ಥಶಾಸ್ತ್ರ’ದ ತಾಳೆಗರಿ ಪ್ರತಿ ಬೆಳಕಿಗೆ ಬಂದ ಜಾಗ ಅದು. ಹಾಗಾಗಿ ಅಲ್ಲೂ ‘ಹಳೆಯದು’ ಎಂದೇ ಓದಿಕೊಳ್ಳುವವರು ಜಾಸ್ತಿ. ಇದಕ್ಕೆ ‘ಮಧ್ಯ’ ಬೇರೆ ಸೇರಿದರೆ ಮುಗೀತು. ಮಧ್ಯ ಏಷ್ಯಾ ಅಂದುಕೊಂಡು ಉಜ್ಬೇಕಿಸ್ತಾನವನ್ನೂ ಇಲ್ಲಿಗೆ ತಂದು ಸೇರಿಸುತ್ತಾರೆ.

ಹಾಗಂತ ಪಶ್ಚಿಮ ಏಷ್ಯಾ ಅಂದುಬಿಟ್ಟರೆ ಎಲ್ಲ ಸರಿಹೋಗುವುದಿಲ್ಲ. ಮೊದಲು ಈಜಿಪ್ಟ್ ಹೊರಗೆ ಬೀಳುತ್ತದೆ. ಅದರ ಸಿನಾಯ್ ಭಾಗ ಮಾತ್ರ ಏಷ್ಯಾದಲ್ಲಿದೆ. ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗದ ಪಟ್ಟಿ ನೋಡಿದರೆ ಇನ್ನೂ ಗೊಂದಲ. ಅಲ್ಲಿ ಜಾರ್ಜಿಯಾ, ಅರ್ಮೇನಿಯಾ ಪಶ್ಚಿಮ ಏಷ್ಯಾ. 2004ರಿಂದ ಯುರೋಪಿಯನ್ ಒಕ್ಕೂಟದಲ್ಲಿರುವ ಸೈಪ್ರಸ್ ಕೂಡ ಪಶ್ಚಿಮ ಏಷ್ಯಾ. ಇರಾನ್ ಮಾತ್ರ ನಮ್ಮ ಜೊತೆ ದಕ್ಷಿಣ ಏಷ್ಯಾದಲ್ಲಿ! ಲೆಕ್ಕದ ಅನುಕೂಲಕ್ಕಷ್ಟೇ ಈ ವಿಂಗಡಣೆ ಎಂದು ಅವರೇ ಹೇಳಿದ್ದಾರೆ. ನಮ್ಮ ವಿದೇಶಾಂಗ ಸಚಿವಾಲಯದಲ್ಲೂ ಇರಾನಿಗೆ ಪಾಕಿಸ್ತಾನ, ಅಫ್ಗಾನಿಸ್ತಾನಗಳ ಜೊತೆ ಒಂದು ವಿಭಾಗವಿದೆ. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾಕ್ಕೆ ಬೇರೆ, ಕೊಲ್ಲಿ ದೇಶಗಳಿಗೆ ಬೇರೆ. ಆದರೂ ಇರಾನ್ ಇಲ್ಲದ ಪಶ್ಚಿಮ ಏಷ್ಯಾವನ್ನು ನಾನು ಒಪ್ಪಲಾರೆ. ಇರಾಕಿನ ಜೊತೆ ಅಷ್ಟುದ್ದದ ಗಡಿ ಇರುವ ದೇಶವನ್ನು ಪಕ್ಕಕ್ಕಿಟ್ಟು ಆ ಭಾಗದ ಒಂದು ಸುದ್ದಿಯನ್ನಾದರೂ ಬಿಡಿಸಿ ಹೇಳಲು ಆಗುತ್ತದಾ?

ಹಾಗಾಗಿ ಪಟ್ಟಿಯಲ್ಲಿ ಹೀಗೆ ಬರೆಯೋಣ ಅಂತಿದ್ದೇನೆ: ‘ಪಶ್ಚಿಮ ಏಷ್ಯಾ: ಟರ್ಕಿಯಿಂದ ಇರಾನ್‌ವರೆಗೆ, ಕೆಳಗೆ ಯೆಮನ್, ಒಮಾನ್‌ವರೆಗೆ.’ ಈಜಿಪ್ಟ್ ಸೇರಿಸಬೇಕಾದಲ್ಲಿ ‘ಪಶ್ಚಿಮ ಏಷ್ಯಾ ಮತ್ತು ಈಜಿಪ್ಟ್’ ಎಂದೇ ಬಿಡಿಸಿ ಬರೆಯುವುದು. ಮಧ್ಯಪ್ರಾಚ್ಯವನ್ನು ಪತ್ರಿಕೆಗಳಲ್ಲಿ ಕಾಣುವ ಇನ್ನೊಂದು ಹೆಸರು ಎಂದು ಕೆಳಗೆ ಕೊಡುವುದು. ಸೈಪ್ರಸ್, ಜಾರ್ಜಿಯಾ ಎಲ್ಲಿಗೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಅಭಿಪ್ರಾಯ ತಿಳಿಸಿ.

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ‘ಅಣ್ಣ ಗಲ್ಫಲ್ಲಿದ್ದಾನೆ’ ಅಂದರೆ ದುಬೈ, ಮಸ್ಕತ್, ದೋಹಾ, ಕುವೈತ್ ಅಂತ ತಿಳಿಯುತ್ತದೆ. 1981ರಲ್ಲಿ ಕೊಲ್ಲಿ ಸಹಕಾರ ಮಂಡಳಿ ಕಟ್ಟಿಕೊಂಡ ಆರು ದೇಶಗಳಿಗೂ ಈ ಬಳಕೆಗೂ ಹೆಚ್ಚುಕಮ್ಮಿ ಹೊಂದುತ್ತದೆ. ಕೊಲ್ಲಿಯ ಉತ್ತರ ದಡವೆಲ್ಲ ಇರಾನಿನದೇ ಆದರೂ ಅಲ್ಲಿದ್ದವರನ್ನು ಗಲ್ಫಲ್ಲಿದ್ದಾರೆ ಅಂದದ್ದು ನಾನು ಕೇಳಿಲ್ಲ. ಇರಾಕಿಗೂ ಒಂದಿಷ್ಟು ಕೊಲ್ಲಿಯ ದಡವಿದೆ. ಬಸ್ರಾಕ್ಕೆ ದುಡಿಯಲು ಹೋದವರನ್ನು ಭಟ್ಕಳ, ಉಡುಪಿ ಕಡೆ ಏನನ್ನುತ್ತಾರೆ? ಅವರೂ ‘ಗಲ್ಫಿನವರೇ’?