ಅಪ್‌ಡೇಟ್: ಪಾರ್ಟ್‌ನರ್‌ಗೆ ಎಲ್ಲ ಹೇಳಿಬಿಟ್ಟೆ

ನಾನು ಕೇಳಿದ್ದು ಇದು: ಗೆಳೆಯನ ಜೊತೆ ಬಸವನಗುಡಿಯಲ್ಲಿ ದೋಸೆ ಹಿಟ್ಟಿನ ವ್ಯಾಪಾರ ಶುರು ಮಾಡುತ್ತಿದ್ದೇನೆ. ಎರಡು ವರ್ಷ ಆದಮೇಲೆ ಊರಿಗೆ ಹೋಗುವ ಯೋಚನೆ ಇದೆ. ಈಗಲೇ ಹೇಳಬೇಕಾ?

ಹೇಳಿದೆ. ಮೊದಲು ಮುಖ ಸಣ್ಣ ಮಾಡಿಕೊಂಡ. ಆಮೇಲೆ ಅವನೂ ಬಾಯಿಬಿಟ್ಟ: ಲಾಭದಲ್ಲಿ ಜಾಸ್ತಿ ಪಾಲು ಬೇಕಿತ್ತಂತೆ, ಕೇಳೋಕೆ ಸಂಕೋಚವಂತೆ! ಬೇರೆ ಒಪ್ಪಂದ ಇಲ್ಲದಿದ್ದರೆ 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಲಾಭ, ನಷ್ಟ ಎರಡೂ ಸಮಪಾಲು. ಸುಮ್ನೆ ಇದ್ದಿದ್ದರೆ ಅವನು ಒಳಗೊಳಗೇ ಕುದಿಯುತ್ತಿದ್ದ. ಜಯನಗರದ ವಕೀಲರ ಹತ್ತಿರ ಡೀಡ್ ಬರೆಸಿದೆವು. ಅವನಿಗೆ ಶೇ 60, ನನಗೆ ಶೇ 40. ಬಿಡುವವರು ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು.

ಅವನ ಹೆಂಡತಿ ಮಾತ್ರ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಅದಕ್ಕೆ ಡೀಡ್‌ನಲ್ಲಿ ಕಲಂ ಇಲ್ಲ, ಅಲ್ವಾ? ಗ್ರೈಂಡರ್ ಸೋಮವಾರ ಬರುತ್ತದೆ.