ಮಕ್ಕಳಿಗೆ ಸಹಜವಾಗಿ ಒಲಿಯುವುದು ಗಣಿತವೋ ಭಾಷೆಯೋ?

ಪ್ರಶ್ನೆ: ಐದನೆಯ ತರಗತಿಯ ನನ್ನ ಮಗಳು ಕಥೆಗಳನ್ನು ಒಂದೇ ಗುಕ್ಕಿಗೆ ಓದಿ ಮುಗಿಸುತ್ತಾಳೆ, ಭಿನ್ನರಾಶಿಯ ಲೆಕ್ಕ ಕಂಡೊಡನೆ ಪೆನ್ಸಿಲ್ ಕೆಳಗಿಡುತ್ತಾಳೆ. ಹುಟ್ಟಿನಿಂದಲೇ ಮನುಷ್ಯರಿಗೆ ಭಾಷೆ ಸುಲಭವೂ ಗಣಿತ ಕಠಿಣವೂ ಆಗಿರುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಮಾತನ್ನು ಯಾರೂ ಕೂರಿಸಿ ಕಲಿಸುವುದಿಲ್ಲ, ನಿಜ, ಆದರೆ ಓದು ಬರಹವನ್ನು ಗಣಿತದಂತೆಯೇ ಕಲಿಸಬೇಕಾಗುತ್ತದೆ. ಎಣಿಕೆಯ ಅರಿವೂ ಬಹಳ ಬೇಗ ಮೊಳೆಯುತ್ತದೆ. 1992ರಲ್ಲಿ ಮನೋವಿಜ್ಞಾನಿ ಕ್ಯಾರನ್ ವಿನ್ ಅವರು ಐದು ತಿಂಗಳ ಶಿಶುಗಳ ಎದುರಿಗೆ ಮರೆಯ ಹಿಂದಿದ್ದ ಒಂದು ಗೊಂಬೆಯ ಜೊತೆಗೆ ಇನ್ನೊಂದನ್ನು ಇರಿಸಿ, ಮರೆ ತೆಗೆದಾಗ ಒಂದೇ ಗೊಂಬೆ ಕಂಡರೆ ಶಿಶುಗಳು, ಎರಡಿರಬೇಕಿತ್ತಲ್ಲ ಎಂಬಂತೆ, ಹೆಚ್ಚು ಹೊತ್ತು ದಿಟ್ಟಿಸುತ್ತವೆ ಎಂಬುದನ್ನು ತೋರಿಸಿದರು.

ಉತ್ತರ 2: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ‘ನಾಲ್ಕನೆಯ ಮೂರು’ ಎಂದಾಗ ಗಾಬರಿಯಾಗುವ ಮಗುವೇ ‘ಮುಕ್ಕಾಲು ರೊಟ್ಟಿ’ ಎಂದರೆ ರೊಟ್ಟಿಯನ್ನು ನಾಲ್ಕಾಗಿ ಮುರಿದು ಮೂರು ತುಂಡು ಎತ್ತಿಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಪದದೊಳಗೇ ಮೂರು ಕಾಲುಗಳಿವೆಯಲ್ಲ! 12ನೆಯ ಶತಮಾನದ ರಾಜಾದಿತ್ಯನು ಗಣಿತವನ್ನು ಕನ್ನಡ ಪದ್ಯದಲ್ಲಿಯೇ ಬರೆದನು. ನಿಮ್ಮ ಮಗಳಿಗೆ ಭಾಷೆ ಒಲಿದಿದೆ ಎಂದಾದರೆ, ಲೆಕ್ಕವನ್ನೂ ಆ ದಾರಿಯಿಂದಲೇ ಕರೆತನ್ನಿ.

ಪ್ರಶ್ನೆ ಕೇಳಿದವರು: ಮೇಡಂ, ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಕಾಲಿಗೆ ಅರ್ಧ ಸೇರಿಸಿದರೆ ಎಷ್ಟು ಎಂದು ಕೇಳಿದೆ. ತಟ್ಟೆಯ ಚಪಾತಿಯನ್ನು ನೋಡಿಕೊಂಡೇ ‘ಮುಕ್ಕಾಲು’ ಎಂದಳು.